ಸ್ಟಾಕ್‌ಹೋಮ್‌ನ ಪರ್ಚ್ ರುಚಿ ಬೆಂಗಳೂರಲ್ಲಿ ಸಿಕ್ಕೀತೆ?

ಪ್ರಶ್ನೆ: ನಾನು ನಿವೃತ್ತ ಬ್ಯಾಂಕ್ ಉದ್ಯೋಗಿ, ಯಲಹಂಕದ ಕಡೆ ಮನೆ. ಹೋದ ಬೇಸಿಗೆಯಲ್ಲಿ ಮಗಳ ಮನೆಗೆಂದು ಸ್ಟಾಕ್‌ಹೋಮ್‌ಗೆ ಹೋಗಿದ್ದಾಗ ಅಳಿಯ, ಮೊಮ್ಮಗನ ಜತೆ ಮೇಲಾರೆನ್ ಸರೋವರದ ದಂಡೆಯಲ್ಲಿ ಕೂತು ಗಾಳ ಹಾಕಿ ಪರ್ಚ್ ಮೀನು ಹಿಡಿದೆವು. ಮೈಮೇಲೆ ಕಪ್ಪು ಪಟ್ಟೆ, ಕೆಂಪು ರೆಕ್ಕೆ. ಬೆಣ್ಣೆಯಲ್ಲಿ ಹುರಿದು ತಿಂದ ರುಚಿ ಇನ್ನೂ ನಾಲಿಗೆ ಮೇಲಿದೆ. ಡಿಸೆಂಬರಿನಲ್ಲಿ ಮೊಮ್ಮಗ ಇಲ್ಲಿಗೆ ಬರುತ್ತಿದ್ದಾನೆ, ಒಂಬತ್ತು ವರ್ಷ. 'ಅಜ್ಜ, ನಿಮ್ಮ ಕೆರೆಯಲ್ಲಿ ಹಿಡಿಯೋಣ' ಅಂತ ಈಗಲೇ ಶುರು ಮಾಡಿದ್ದಾನೆ. ಇಲ್ಲಿ ಮೊಬೈಲಿನಲ್ಲಿ ಮೀನು ತರಿಸುವಾಗ 'ಪಿಂಕ್ ಪರ್ಚ್' ಅಂತ ಕಾಣುತ್ತದೆ, ಅದೇ ಇದಾ? ಪಕ್ಕದ ಮನೆಯ ಬಂಗಾಳಿಯವರು ತಾವು ತರುವ ಕೊಯಿ ಮೀನೂ ಪರ್ಚೇ, ಮರ ಹತ್ತುತ್ತದೆ ಅನ್ನುತ್ತಾರೆ. ದೊಡ್ಡಬಳ್ಳಾಪುರದ ಹತ್ತಿರ ನನ್ನ ತಮ್ಮನ ಜಮೀನಿನಲ್ಲಿ ಕೃಷಿ ಹೊಂಡವಿದೆ. ಸ್ನೇಹಿತರೊಬ್ಬರು 'ಅಲ್ಲಿಂದ ಮರಿ ತರಿಸಿ ಬಿಡಿ' ಎಂದರು. ಮನೆ ಹತ್ತಿರದ ಕೆರೆಯ ಏರಿ ಮೇಲೆ ಬೆಳಗ್ಗೆ ಜಿಲೇಬಿ ಮೀನು, ಕಾಟ್ಲಾ ಮಾರುತ್ತಾರೆ. ವಾಕಿಂಗ್ ಗೆಳೆಯರು 'ಮೀನು ಬದುಕಿದೆ ಅಂದ್ರೆ ನೀರು ಚೆನ್ನಾಗಿದೆ ಅಂತಲೇ ಅಲ್ವಾ, ಅರಿಶಿನ ಹುಣಸೆಹಣ್ಣು ಹಾಕಿ ತೊಳೆದರೆ ಆಯ್ತು' ಅನ್ನುತ್ತಾರೆ. ನನ್ನ ಹೆಂಡತಿ 'ಚರಂಡಿ ನೀರಿನ ಮೀನು ಮನೆಯೊಳಗೆ ತರಬೇಡಿ' ಅನ್ನುತ್ತಾಳೆ. ಯಾರ ಮಾತು ಸರಿ?

ಉತ್ತರ: ನಗರದೊಳಗಿನ ಕೆರೆಯ ವಿಷಯದಲ್ಲಿ ನಿಮ್ಮ ಮನೆಯವರ ಮಾತೇ ಸರಿ. ಕಾರಣ ಮಾತ್ರ ಅವರು ಹೇಳಿದ್ದಕ್ಕಿಂತ ಸ್ವಲ್ಪ ತೊಡಕಿನದು, ಮುಂದೆ ಹೇಳುತ್ತೇನೆ. ನಿಮ್ಮ ಪತ್ರದಲ್ಲಿ ನಾಲ್ಕಾರು ಪ್ರಶ್ನೆಗಳಿದ್ದರೂ ಒಳಗಿರುವ ಚಿಂತೆ ಎರಡೇ: ಅಲ್ಲಿ ತಿಂದ ಮೀನು ಇಲ್ಲಿ ಸಿಗುತ್ತದೆಯೇ, ಇಲ್ಲಿ ಹಿಡಿದ ಮೀನನ್ನು ಹುಡುಗನ ತಟ್ಟೆಗೆ ಧೈರ್ಯವಾಗಿ ಬಡಿಸಬಹುದೇ. ಮೊದಲನೆಯದಕ್ಕೆ ಉತ್ತರ 'ಇಲ್ಲ'. ಎರಡನೆಯದಕ್ಕೆ ಉತ್ತರ ಯಾವ ಮೀನು ಅನ್ನುವುದರ ಮೇಲಿಲ್ಲ, ಯಾವ ನೀರಿನ ಮೀನು ಅನ್ನುವುದರ ಮೇಲಿದೆ. ಡಿಸೆಂಬರಿನ ಯೋಜನೆ ಕೈಬಿಡಬೇಕಾಗಿಲ್ಲ. ನಿಮ್ಮ ತಮ್ಮನ ಹೊಂಡ ಇದೆಯಲ್ಲ, ಅರ್ಧ ಸಮಸ್ಯೆ ಅಲ್ಲೇ ಬಗೆಹರಿಯಿತು.

ನೀವು ಹಿಡಿದದ್ದು ಯುರೋಪಿನ ಪರ್ಚ್, ಪರ್ಕಾ ಫ್ಲುವಿಯಾಟಿಲಿಸ್. ಅದು ತಂಪು ನೀರಿನ ಜೀವ. ವಸಂತದಲ್ಲಿ ಹಿಮ ಕರಗಿ ನೀರು ಏಳೆಂಟು ಡಿಗ್ರಿ ದಾಟಿದ ಮೇಲೆ ಹೆಣ್ಣು ಮೀನು ಉದ್ದನೆಯ ಲೋಳೆ ಪಟ್ಟಿಯಂತೆ ಮೊಟ್ಟೆಯಿಟ್ಟು ನೀರಿನೊಳಗಿನ ಕಡ್ಡಿ, ಬೇರುಗಳಿಗೆ ಸುತ್ತಿಬಿಡುತ್ತದೆ. ಆ ಮೊಟ್ಟೆ ಹೊಟ್ಟೆಯೊಳಗೆ ಬಲಿಯಬೇಕಾದರೆ ಅದಕ್ಕೆ ಮೊದಲು ತಿಂಗಳುಗಟ್ಟಲೆ ಚಳಿ ಬೇಕು. ಬೆಂಗಳೂರಿನ ಚಳಿ ನಮಗೆ ಸ್ವೆಟರ್ ಹಾಕಿಸಬಹುದು, ಪರ್ಚ್‌ಗೆ ಅದು ಚಳಿಯೇ ಅಲ್ಲ. ಇನ್ನೊಂದು ವಿಷಯ ಉಸಿರಿನದು. ಹತ್ತು ಡಿಗ್ರಿಯ ನೀರು ಲೀಟರಿಗೆ 11 ಮಿಲಿಗ್ರಾಂನಷ್ಟು ಆಮ್ಲಜನಕ ಹಿಡಿದಿಟ್ಟುಕೊಳ್ಳಬಲ್ಲದು. ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ನಮ್ಮೂರಿನಲ್ಲಿ, 25 ಡಿಗ್ರಿ ನೀರಿನಲ್ಲಿ, ಅದು ಸುಮಾರು 7.5ಕ್ಕೆ ಇಳಿಯುತ್ತದೆ. ಅದೂ ನೀರು ಶುದ್ಧವಾಗಿದ್ದರೆ.

ಪಿಂಕ್ ಪರ್ಚ್ ಅದಲ್ಲ. ಅದು ಅರಬ್ಬೀ ಸಮುದ್ರದ ಮೀನು, ನಮ್ಮ ಕರಾವಳಿಯವರು ಮದ್ಮಲ್ ಎಂದು ಕರೆಯುವುದು. ತೆಳು ಗುಲಾಬಿ ಮೈ, ಹಳದಿ ಗೆರೆ. ಮೃದು ಮಾಂಸ, ಕಡಿಮೆ ಎಣ್ಣೆ, ದರವೂ ಹಿಡಿತದಲ್ಲಿರುತ್ತದೆ. ಟ್ರಾಲ್ ದೋಣಿಗಳು ತರುವ ಇದರ ಬಹುಪಾಲು ಸುರಿಮಿ ಅನ್ನುವ, ಅರೆದ ಮೀನುಮಾಂಸದ ಮುದ್ದೆಯಾಗಿ ಕಾರ್ಖಾನೆಗಳಿಂದ ಹೊರದೇಶಕ್ಕೆ ಹೋಗುತ್ತದೆ. ಹಾಗೆಂದು ಕಡೆಗಣಿಸುವ ಮೀನಲ್ಲ, ತಟ್ಟೆಯ ಮಾತು ಬಂದಾಗ ಮತ್ತೆ ಅದರ ಹತ್ತಿರ ಬರುತ್ತೇನೆ.

ನಿಮ್ಮ ನೆರೆಯವರ ಕೊಯಿ, ಅಂದರೆ ಆನಾಬಾಸ್, ಅದೂ ಬೇರೆ ಕುಟುಂಬ. ಇಂಗ್ಲಿಷಿನಲ್ಲಿ ಹೆಸರಿನ ಬಾಲಕ್ಕೆ ಪರ್ಚ್ ಅಂಟಿಕೊಂಡಿದೆ ಅಷ್ಟೆ. ಕಿವಿರಿನ ಮೇಲ್ಭಾಗದಲ್ಲಿ ಗಾಳಿಯನ್ನೇ ಉಸಿರಾಡುವ ಅಂಗ ಇರುವುದರಿಂದ ನೀರಿಲ್ಲದೆ ಒದ್ದೆ ಬಟ್ಟೆಯಲ್ಲಿ ಗಂಟೆಗಟ್ಟಲೆ ಬದುಕಿರುತ್ತದೆ, ಕಿವಿರು ಮುಚ್ಚಳದ ಮುಳ್ಳು ಊರಿಕೊಂಡು ನೆಲದ ಮೇಲೆ ತೆವಳುತ್ತದೆ. ಮರ ಹತ್ತುವ ಕತೆ ಹಳೆಯದು. ತಮಿಳುನಾಡಿನ ತರಂಗಂಬಾಡಿಯಲ್ಲಿದ್ದ ಡಾಲ್ಡಾರ್ಫ್ ಎಂಬ ಡೇನಿಷ್ ಅಧಿಕಾರಿ ತಾಳೆಮರದ ಮೇಲೆ ಒಂದನ್ನು ಕಂಡದ್ದಾಗಿ ಬರೆದ ವರದಿ 1797ರಲ್ಲಿ ಅಚ್ಚಾಯಿತು. ಕಾಗೆ, ಹದ್ದು ಎತ್ತಿಕೊಂಡು ಹೋಗಿ ಕೊಂಬೆಯಲ್ಲಿ ಬಿಟ್ಟದ್ದಿರಬಹುದು ಎನ್ನುವುದು ಆಮೇಲಿನವರ ವಿವರಣೆ, ನನಗೂ ಅದೇ ಸರಿ ಅನ್ನಿಸುತ್ತದೆ. ತೆವಳುವುದು ನಿಜ, ಹತ್ತುವುದು ಕತೆ.

ಇನ್ನು ಮರಿ ತರಿಸುವ ಸಲಹೆ. ದಯವಿಟ್ಟು ಆ ಸ್ನೇಹಿತರ ಮಾತು ಕೇಳಬೇಡಿ. ಹೊರದೇಶದ ಜೀವಂತ ಮೀನನ್ನಾಗಲಿ ಮೊಟ್ಟೆಯನ್ನಾಗಲಿ ಅನುಮತಿಯಿಲ್ಲದೆ ತರುವುದು ಕಾನೂನುಬಾಹಿರ. ಹೊಸ ಜಲಚರವೊಂದನ್ನು ದೇಶದೊಳಗೆ ಬಿಡಬೇಕೇ ಬೇಡವೇ ಎಂದು ನೋಡಲು ಕೇಂದ್ರ ಸರ್ಕಾರದ ಒಂದು ಸಮಿತಿಯೇ ಇದೆ. ಈ ಪರ್ಚ್ ನಿಮ್ಮ ತಮ್ಮನ ಹೊಂಡದಲ್ಲಿ ಒಂದು ಬೇಸಿಗೆ ದಾಟುವುದೇ ಅನುಮಾನ, ಹಾಗಾಗಿ ಅದು ಹಬ್ಬಿಬಿಡುತ್ತದೆ ಎಂದು ಹೆದರಿಸಲಾರೆ. ಅದರ ಜತೆ ಬರುವ ರೋಗಾಣು, ಪರಾವಲಂಬಿಗಳ ಬಗ್ಗೆ ಆ ಮಾತು ಹೇಳುವಂತಿಲ್ಲ. 'ಒಂದು ಮೀನು ಬಿಟ್ಟರೆ ಏನಾದೀತು' ಎಂದುಕೊಂಡವರ ಇತಿಹಾಸ ದೊಡ್ಡದಿದೆ. ಆಫ್ರಿಕಾದ ವಿಕ್ಟೋರಿಯಾ ಸರೋವರಕ್ಕೆ 1950ರ ದಶಕದಲ್ಲಿ ನೈಲ್ ಪರ್ಚ್ ಬಿಟ್ಟರು. ಅದು ಅಲ್ಲಿಗೇ ವಿಶಿಷ್ಟವಾದ ನೂರಾರು ಬಗೆಯ ಪುಟ್ಟ ಮೀನುಗಳನ್ನು ಅಳಿವಿನಂಚಿಗೆ ತಳ್ಳಿತು, ಎಷ್ಟೋ ಜಾತಿಗಳು ಇಲ್ಲವಾದವು. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನಿಮ್ಮ ಕೆರೆ ಏರಿಯ ಮೇಲೆ ಮಾರುವ ಜಿಲೇಬಿ ಮೀನು, ಅಂದರೆ ತಿಲಾಪಿಯಾ, ಆಫ್ರಿಕಾ ಮೂಲದ್ದು, 1952ರಲ್ಲಿ ಭಾರತಕ್ಕೆ ಬಂತು. ಹೆಣ್ಣು ಮೀನು ಮೊಟ್ಟೆ, ಮರಿಗಳನ್ನು ಬಾಯೊಳಗೇ ಇಟ್ಟುಕೊಂಡು ಕಾಪಾಡುತ್ತದೆ, ವರ್ಷದಲ್ಲಿ ಹಲವು ಸಲ ಮರಿ ಮಾಡುತ್ತದೆ. ಆರೇಳು ವರ್ಷದಲ್ಲಿ, 1959ರ ಹೊತ್ತಿಗೆ, ಇದನ್ನು ಹಬ್ಬಿಸಬೇಡಿ ಎಂದು ತಜ್ಞರು ಹೇಳುವಂತಾಯಿತು. ಅಷ್ಟರಲ್ಲಿ ಅದು ಊರೂರ ಕೆರೆ ಸೇರಿತ್ತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. 'ಮೀನು ಬದುಕಿದೆ, ಆದ್ದರಿಂದ ನೀರು ಚೆನ್ನಾಗಿದೆ.' ನನ್ನ ವೃತ್ತಿಯಲ್ಲಿ ಅತಿ ಹೆಚ್ಚು ಸಲ ಕೇಳಿದ ಮಾತು ಇದೇ ಇರಬೇಕು. ಯಾವ ಮೀನು ಬದುಕಿದೆ ಎಂದು ನಾನು ತಿರುಗಿ ಕೇಳುತ್ತೇನೆ. ಗೆಂಡೆ ಜಾತಿಯ ಕಾಟ್ಲಾ, ರೋಹುಗಳಿಗೆ ಲೀಟರಿಗೆ 5 ಮಿಲಿಗ್ರಾಂ ಆಮ್ಲಜನಕವಿದ್ದರೆ ಹಿತ. ತಿಲಾಪಿಯಾ 1 ಮಿಲಿಗ್ರಾಂಗಿಂತ ಕೆಳಗಿಳಿದರೂ ಒಂದಷ್ಟು ಹೊತ್ತು ತಡೆದುಕೊಳ್ಳುತ್ತದೆ. ಆಫ್ರಿಕನ್ ಕ್ಯಾಟ್‌ಫಿಶ್ ಮೇಲೆ ಬಂದು ಗಾಳಿಯನ್ನೇ ಗುಟುಕರಿಸುತ್ತದೆ. ಈ ಕ್ಯಾಟ್‌ಫಿಶ್ ಸಾಕಣೆಗೆ ನಮ್ಮಲ್ಲಿ ನಿಷೇಧವಿದೆ, ಆದರೂ ಕೆರೆಗಳಲ್ಲಿ ಸಿಗುತ್ತಲೇ ಇದೆ. ಒಂದು ಕೆರೆಯಲ್ಲಿ ಈ ಎರಡೇ ಮೀನು ದಂಡಿಯಾಗಿವೆ ಎಂದರೆ ಅದು ನೀರಿಗೆ ಸಿಕ್ಕ ಪ್ರಮಾಣಪತ್ರವಲ್ಲ, ದೂರು.

ಬೆಂಗಳೂರಿಗೆ ವರ್ಷಪೂರ್ತಿ ಹರಿಯುವ ದೊಡ್ಡ ನದಿಯಿಲ್ಲ. ಮಳೆನೀರು ಹಿಡಿಯಲು ಹಿರಿಯರು ಸರಪಳಿಯಂತೆ ಒಂದರ ಕೆಳಗೊಂದು ಕೆರೆ ಕಟ್ಟಿದರು. ಮೇಲಿನದು ತುಂಬಿದರೆ ಕೋಡಿ ಹರಿದು ಕೆಳಗಿನದಕ್ಕೆ. ಹೆಬ್ಬಾಳ ಕಣಿವೆ, ಕೋರಮಂಗಲ–ಚಲ್ಲಘಟ್ಟ ಕಣಿವೆ, ವೃಷಭಾವತಿ ಕಣಿವೆ, ಹೀಗೆ ನಗರದ ನೀರಿಗೆ ಮೂರು ಮುಖ್ಯ ದಾರಿಗಳು. ಮಳೆನೀರು ಹೋಗುತ್ತಿದ್ದ ಆ ರಾಜಕಾಲುವೆಗಳಲ್ಲೇ ಈಗ ಒಳಚರಂಡಿಯ ನೀರೂ ಇಳಿಯುತ್ತಿದೆ. ಆದ್ದರಿಂದ ನಿಮ್ಮ ಕೆರೆಯ ದಂಡೆ ಎಷ್ಟು ಚೊಕ್ಕಟವಾಗಿದೆ, ವಾಕಿಂಗ್ ಪಾತ್ ಎಷ್ಟು ಚೆನ್ನಾಗಿದೆ ಎಂದು ನೋಡಿ ತೀರ್ಮಾನಿಸಲಾಗದು. ಅದರ ಮೇಲಿನ ಕೆರೆ ಯಾವುದು, ಆ ಕಾಲುವೆಯ ಇಕ್ಕೆಲದಲ್ಲಿ ಏನಿದೆ ಎಂದು ನೋಡಬೇಕು. ಬರೀ ಮನೆಗಳಿದ್ದರೆ ಒಂದು ಲೆಕ್ಕ. ಲೋಹಕ್ಕೆ ಲೇಪ ಕೊಡುವ ಘಟಕ, ಬಟ್ಟೆಗೆ ಬಣ್ಣ ಹಾಕುವ ಘಟಕ, ಹಳೆ ಬ್ಯಾಟರಿ ಒಡೆಯುವ ಶೆಡ್ಡುಗಳಿದ್ದರೆ ಬೇರೆಯೇ ಲೆಕ್ಕ.

ಮನೆಗಳ ಕೊಳಚೆಯಿಂದ ಬರುವ ಅಪಾಯ ಹೆಚ್ಚಾಗಿ ರೋಗಾಣುಗಳದ್ದು. ಅವು ಮೀನಿನ ಕರುಳಲ್ಲಿ, ಕಿವಿರಲ್ಲಿ, ಚರ್ಮದ ಲೋಳೆಯಲ್ಲಿ ಇರುತ್ತವೆ. ಚೆನ್ನಾಗಿ ಬೇಯಿಸಿದರೆ ಸಾಯುತ್ತವೆ. ತಿಂದವರಿಗಿಂತ ಹೆಚ್ಚು ತೊಂದರೆ ಆಗುವುದು ಕೊಯ್ದವರಿಗೆ: ಮುಳ್ಳು ಚುಚ್ಚಿದ ಬೆರಳು, ಅದೇ ಮಣೆಯ ಮೇಲೆ ಹೆಚ್ಚಿದ ಸೌತೆಕಾಯಿ. ಹಾಗಾಗಿ ಕೊಳಚೆಯ ರೋಗಾಣುಗಳ ಮಟ್ಟಿಗೆ ಅಡುಗೆಯ ಬೆಂಕಿ ನಿಮ್ಮ ಪರ.

ಸೀಸ, ಕ್ಯಾಡ್ಮಿಯಂ, ಕ್ರೋಮಿಯಂನಂಥ ಲೋಹಗಳ ವಿಷಯದಲ್ಲಿ ಬೆಂಕಿ ಏನೂ ಮಾಡದು. ಅರಿಶಿನ, ಹುಣಸೆಹುಳಿ, ಕಲ್ಲುಪ್ಪು ಯಾವುದೂ ಏನೂ ಮಾಡದು. ಆ ತೊಳೆತ ಲೋಳೆ ತೆಗೆಯುತ್ತದೆ, ವಾಸನೆ ತಗ್ಗಿಸುತ್ತದೆ, ಅಷ್ಟು ಒಳ್ಳೆಯದೇ. ಮಾಂಸದೊಳಗೆ ಸೇರಿದ ಲೋಹ ತೊಳೆದರೆ ಹೋಗುವುದಿಲ್ಲ. ಸೀಸ, ಕ್ಯಾಡ್ಮಿಯಂ ಹೆಚ್ಚು ಕೂಡಿಕೊಳ್ಳುವುದು ಪಿತ್ತಜನಕಾಂಗ, ಮೂತ್ರಪಿಂಡ, ಕಿವಿರುಗಳಲ್ಲಿ, ಮಾಂಸದಲ್ಲಿ ಕಡಿಮೆ. ಮೀನಿನ ತಲೆ, ಒಳಭಾಗ ಇಷ್ಟಪಡುವವರು ಇದನ್ನು ನೆನಪಿಡಬೇಕು. 'ಏರಿ ಮೇಲೆ ಮಾರುವವರೇ ತಿಂತಾರಲ್ಲ, ಅವರಿಗೇನಾಗಿದೆ?' ಎಂಬ ಪ್ರಶ್ನೆ ಬರುತ್ತದೆ. ಇವತ್ತು ತಿಂದು ನಾಳೆ ವಾಂತಿಯಾಗುವ ಬಗೆಯ ವಿಷವಲ್ಲ ಇದು. ವರ್ಷಗಳಲ್ಲಿ ಕೂಡುತ್ತದೆ, ಬೆಳೆಯುವ ಮಕ್ಕಳಿಗೂ ಗರ್ಭಿಣಿಯರಿಗೂ ಹೆಚ್ಚು ತಟ್ಟುತ್ತದೆ. ಒಮ್ಮೆ ತಿಂದುಬಿಟ್ಟಿದ್ದರೆ ಗಾಬರಿ ಬೇಡ. ವಾರವಾರ ತಿನ್ನುವ ರೂಢಿ ಮಾಡಿಕೊಳ್ಳಬೇಡಿ ಎಂದೇ ನನ್ನ ಸಲಹೆ.

ಮೂರನೆಯದು ಪಾಚಿ. ಬೇಸಿಗೆಯಲ್ಲಿ ಕೆಲವು ಕೆರೆಗಳ ಮೇಲೆ ಹಸಿರು ಬಣ್ಣದ ಡಬ್ಬ ಚೆಲ್ಲಿದಂತೆ ಕಾಣುತ್ತದಲ್ಲ, ಅದು ಬಹಳ ಸಲ ನೀಲಿಹಸಿರು ಪಾಚಿ. ಕೊಳಚೆಯ ಸಾರಜನಕ, ರಂಜಕವೇ ಅದಕ್ಕೆ ಗೊಬ್ಬರ. ಸಂಸ್ಕರಿಸಿದ ನೀರು ಬಿಟ್ಟರೂ ಇವೆರಡು ಪೂರ್ತಿ ಹೋಗಿರುವುದಿಲ್ಲ. ಇದರಲ್ಲಿ ಕೆಲವು ಬಗೆಗಳು ಪಿತ್ತಜನಕಾಂಗಕ್ಕೆ ಹಾನಿ ಮಾಡುವ ವಿಷ ಬಿಡುತ್ತವೆ, ಅದು ಕುದಿಸಿದರೂ ಅಳಿಯದು. ಇದೇ ಪಾಚಿ ಹಗಲು ಆಮ್ಲಜನಕ ಕೊಟ್ಟು ರಾತ್ರಿ ತಾನೇ ಕಬಳಿಸುತ್ತದೆ. ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಿಡುವುದು ಅದಕ್ಕೇ. ಬೇಸಿಗೆಯ ಮೊದಲ ಜೋರು ಮಳೆಗೆ ಕಾಲುವೆಯ ಕೊಳಕೆಲ್ಲ ಒಮ್ಮೆಗೇ ಬಂದು ಸೇರಿದರೆ ಇಡೀ ಕೆರೆಯ ಮೀನು ಬೆಳಗಾಗುವುದರಲ್ಲಿ ತೇಲುತ್ತದೆ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲೂ ಸಾವಿರಾರು ಮೀನು ತೇಲಿದ್ದು ನಿಮಗೆ ನೆನಪಿರಬಹುದು. ಅಂಥ ದಿನಗಳಲ್ಲಿ ಅಗ್ಗಕ್ಕೆ ಬರುವ ಮೀನಿನ ಹತ್ತಿರ ಹೋಗಲೇಬೇಡಿ.

ಮಾಲಿನ್ಯ ನಿಯಂತ್ರಣ ಮಂಡಳಿ ಕೆರೆಗಳ ನೀರನ್ನು 'ಎ'ಯಿಂದ 'ಇ'ವರೆಗೆ ದರ್ಜೆ ಮಾಡುತ್ತದೆ. 'ಡಿ' ಅಂದರೆ ವನ್ಯಜೀವಿ, ಮೀನು ಸಾಕಣೆಗೆ ಆಗುತ್ತದೆ ಎಂದರ್ಥ: ಆಮ್ಲಜನಕ 4 ಮಿಲಿಗ್ರಾಂಗೆ ಕಡಿಮೆಯಿರಬಾರದು, ಪಿಎಚ್ 6.5ರಿಂದ 8.5, ಮುಕ್ತ ಅಮೋನಿಯಾ 1.2ಕ್ಕೆ ಮೀರಬಾರದು. 'ಇ' ಅಂದರೆ ನೀರಾವರಿಗೆ. ನಮ್ಮ ನಗರದ ಕೆರೆಗಳು ಬಹುತೇಕ ಈ ಕೊನೆಯ ಎರಡರಲ್ಲೇ ಓಡಾಡುತ್ತವೆ. 'ಡಿ' ನೋಡಿ ಸಮಾಧಾನಪಡುವವರನ್ನು ಕಂಡಿದ್ದೇನೆ. ಆ ದರ್ಜೆ ಹೇಳುವುದು ಮೀನು ಅಲ್ಲಿ ಬದುಕೀತು ಎಂದು. ಆ ಮೀನಿನ ಮಾಂಸದಲ್ಲಿ ಸೀಸ ಎಷ್ಟಿದೆ ಎಂದಲ್ಲ. ಅದು ಬೇಕಾದರೆ ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಮಾಂಸವನ್ನೇ ಪರೀಕ್ಷೆ ಮಾಡಿಸಬೇಕು. ಒಂದು ಮೀನಿನ ಫಲಿತಾಂಶ ಒಂದು ಕಾಲದ್ದು, ಇನ್ನೊಂದು ಮಳೆಗಾಲಕ್ಕೆ ಅನ್ವಯಿಸದು.

ಮಣ್ಣಿನ ವಾಸನೆಯನ್ನು ಅನೇಕರು ವಿಷದ ಗುರುತು ಅಂದುಕೊಳ್ಳುತ್ತಾರೆ. ಎರಡಕ್ಕೂ ನೇರ ಸಂಬಂಧವಿಲ್ಲ. ಮೊದಲ ಮಳೆಗೆ ನೆಲದಿಂದ ಏಳುವ ವಾಸನೆಯ ಜಿಯೋಸ್ಮಿನ್ ಎಂಬ ವಸ್ತುವೇ ಇದು, ನೀರಿನ ಪಾಚಿ, ಸೂಕ್ಷ್ಮಜೀವಿಗಳು ಮಾಡುತ್ತವೆ, ಕಿವಿರಿನ ಮೂಲಕ ಮೀನಿನ ಕೊಬ್ಬಿಗೆ ಸೇರುತ್ತದೆ. ವಾಸನೆಯುಳ್ಳ ಮೀನು ನಿರಪಾಯಕಾರಿ ಇರಬಹುದು, ವಾಸನೆಯೇ ಇಲ್ಲದ್ದರಲ್ಲಿ ಕ್ಯಾಡ್ಮಿಯಂ ಇರಬಹುದು. ಹುಳಿ ಈ ಜಿಯೋಸ್ಮಿನ್ನನ್ನು ವಾಸನೆಯಿಲ್ಲದ ರೂಪಕ್ಕೆ ತಿರುಗಿಸುತ್ತದೆ. ಬಯಲುಸೀಮೆಯ ನಮ್ಮ ಕೆರೆ ಮೀನಿನ ಸಾರಿಗೆ ಹುಣಸೆಹುಳಿ ಧಾರಾಳವಾಗಿ ಬೀಳುವುದರ ಹಿಂದೆ ರಸಾಯನಶಾಸ್ತ್ರವೂ ಇದೆ. ಜೀವಂತ ಮೀನನ್ನು ಕೆಲವು ದಿನ ಶುದ್ಧ ನೀರಿನ ತೊಟ್ಟಿಯಲ್ಲಿ ಆಹಾರ ಕೊಡದೆ ಇಟ್ಟರೂ ವಾಸನೆ ಇಳಿಯುತ್ತದೆ. ಲೋಹ ಇಳಿಯುವುದಿಲ್ಲ.

ಇದೆಲ್ಲ ಓದಿ 'ಸ್ವೀಡನ್ನಿನ ಮೀನು ಅಮೃತ, ನಮ್ಮದು ವಿಷ' ಎಂದುಕೊಳ್ಳಬೇಡಿ. ಪರ್ಚ್ ಇತರ ಮೀನು ತಿಂದು ಬದುಕುವ ಬೇಟೆಗಾರ. ಚಿಕ್ಕ ಮೀನಿನೊಳಗಿನ ಪಾದರಸ ಅದನ್ನು ತಿಂದ ದೊಡ್ಡದರಲ್ಲಿ ಇನ್ನಷ್ಟು ಸಾಂದ್ರವಾಗುತ್ತದೆ, ಅದೂ ಮಾಂಸದಲ್ಲೇ. ಕನ್ನಡಿಯಂಥ ನೀರಿನ ಸರೋವರದಲ್ಲೂ ಹಾಗೇ. ಸ್ವೀಡನ್ನಿನ ಆಹಾರ ಇಲಾಖೆ ಗರ್ಭಿಣಿಯರಿಗೆ ಪರ್ಚ್, ಪೈಕ್‌ನಂಥ ಮೀನು ವರ್ಷಕ್ಕೆ ಎರಡು ಮೂರು ಸಲಕ್ಕಿಂತ ಹೆಚ್ಚು ಬೇಡ ಎಂದು ಹೇಳುತ್ತದೆ. ಅಲ್ಲಿಯವರು ನೆಮ್ಮದಿಯಾಗಿ ತಿನ್ನುವುದಕ್ಕೆ ಕಾರಣ ಅಪಾಯವೇ ಇಲ್ಲ ಅನ್ನುವುದಲ್ಲ. ಯಾವ ಸರೋವರದ ಯಾವ ಮೀನಿನಲ್ಲಿ ಎಷ್ಟಿದೆ ಎಂದು ಅಳೆದು, ಬಚ್ಚಿಡದೆ ಹೇಳುವವರಿದ್ದಾರೆ. ನಮ್ಮಲ್ಲಿ ಏರಿ ಮೇಲೆ ಮೀನು ಕೊಳ್ಳುವವರಿಗೆ ಆ ಸೌಲಭ್ಯವಿಲ್ಲ.

ಕಾನೂನಿನ ಮಾತು ಚಿಕ್ಕದಾಗಿ ಹೇಳಿಬಿಡುತ್ತೇನೆ. ಮೇಲಾರೆನ್‌ನಂಥ ದೊಡ್ಡ ಸರೋವರಗಳಲ್ಲಿ ಕೈಗಾಳ ಹಾಕಲು ಯಾರ ಅಪ್ಪಣೆಯೂ ಬೇಡ. ಇಲ್ಲಿ ಹಾಗಲ್ಲ. 1996ರ ಕರ್ನಾಟಕ ಒಳನಾಡು ಮೀನುಗಾರಿಕೆ ಕಾಯ್ದೆ ಇದೆ, ಪರವಾನಗಿಯ ಕ್ರಮವಿದೆ. ಎಷ್ಟೋ ಕೆರೆಗಳ ಮೀನಿನ ಹಕ್ಕು ಟೆಂಡರಿನಲ್ಲಿ ಗುತ್ತಿಗೆಗೆ ಹೋಗಿರುತ್ತದೆ, ಮರಿ ಬಿಟ್ಟವರು ಅವರು, ಮೀನು ಅವರದು. ಪಾಲಿಕೆಯ ಅನೇಕ ಕೆರೆಗಳಲ್ಲಿ ಗಾಳ ಹಾಕಬಾರದು ಎಂಬ ಫಲಕವೇ ಇದೆ. ವಾಚ್‌ಮನ್ ಕೈಲಿ ಮೊಮ್ಮಗನ ಎದುರು ಮಾತು ಕೇಳಿಸಿಕೊಳ್ಳುವುದಕ್ಕಿಂತ ಮೊದಲೇ ಕೇಳಿಕೊಳ್ಳುವುದು ಲೇಸು. ಮಂಚನಬೆಲೆಯಂಥ ಜಲಾಶಯಕ್ಕೆ ಹುಡುಗನನ್ನು ಕರೆದೊಯ್ಯುವ ಯೋಚನೆಯಿದ್ದರೆ ಬಿಡಿ. ದಂಡೆ ಇದ್ದಕ್ಕಿದ್ದಂತೆ ಆಳಕ್ಕಿಳಿಯುತ್ತದೆ, ಪ್ರತಿ ವರ್ಷವೂ ಅಲ್ಲಿಂದ ದುಃಖದ ಸುದ್ದಿ ಬರುತ್ತದೆ. ಭೀಮೇಶ್ವರಿ ಕಡೆ ಕಾವೇರಿಯಲ್ಲಿ ಹಿಂದೆ ಮಹಶೀರ್ ಹಿಡಿಯುವ ಶಿಬಿರಗಳಿದ್ದವು, ಅದು ವನ್ಯಧಾಮ, ಆ ಶಿಬಿರಗಳ ಕಾಲ ಮುಗಿಯಿತು. ಅಲ್ಲಿಯ ಗೂನುಬೆನ್ನಿನ ಮಹಶೀರ್ ಇಂದು ಅಳಿವಿನ ತೀವ್ರ ಅಂಚಿನಲ್ಲಿದೆ. ಅದಕ್ಕೆ ಗಾಳ ಹಾಕಲು ಬರುತ್ತಿದ್ದ ಸಾಹೇಬರ ಮೆಚ್ಚಿನ ಎರೆ ಯಾವುದು ಗೊತ್ತೇ? ನಮ್ಮ ರಾಗಿ ಹಿಟ್ಟಿನ ಉಂಡೆ.

ಹಾಗಾಗಿ ತಮ್ಮನ ಹೊಂಡ. ಮಳೆನೀರು, ಕೊಳವೆಬಾವಿ ನೀರು ತುಂಬುವ ಕೃಷಿ ಹೊಂಡ ನಗರದ ಯಾವ ಕೆರೆಗಿಂತಲೂ ವಿಶ್ವಾಸಾರ್ಹ. ಒಂದು ಷರತ್ತು: ಮೇಲಿನ ಹೊಲದಿಂದ ಕೀಟನಾಶಕ, ಕಳೆನಾಶಕ ಮಳೆನೀರಿನೊಂದಿಗೆ ಹರಿದು ಬರುವಂತಿದ್ದರೆ ಬದು ಹಾಕಿ ತಿರುಗಿಸಬೇಕು. ನೀರು ವರ್ಷಕ್ಕೆ ಏಳೆಂಟು ತಿಂಗಳಾದರೂ ಒಂದೂವರೆ ಮೀಟರ್ ನಿಲ್ಲಬೇಕು. ಗೆಂಡೆ ಮರಿಗಳನ್ನು ಹೆಕ್ಟೇರಿಗೆ 5,000ದಿಂದ 10,000ದವರೆಗೆ ಬಿಡುವುದು ರೂಢಿ. ಹನ್ನೆರಡು ಮೀಟರ್ ಚೌಕದ ಹೊಂಡಕ್ಕೆ ಲೆಕ್ಕ ಹಾಕಿದರೆ ನೂರರ ಆಸುಪಾಸು. ಆಸೆಗೆ ಬಿದ್ದು ಸಾವಿರ ಬಿಟ್ಟವರ ಹೊಂಡದಲ್ಲಿ ಯಾವುದೂ ಬೆರಳುದ್ದ ದಾಟುವುದಿಲ್ಲ. ಮರಿಗೆ ಮೀನುಗಾರಿಕೆ ಇಲಾಖೆಯನ್ನು ಕೇಳಿ. ಹೆಸರಘಟ್ಟದಲ್ಲಿ ಸಿಹಿನೀರಿನ ಮೀನು ಸಾಕಣೆಯ ಕೇಂದ್ರ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ, ನಿಮ್ಮ ಮನೆಗೆ ದೂರವೂ ಅಲ್ಲ.

ಒಂದು ತೊಡಕು: ಈಗ ಮರಿ ಬಿಟ್ಟರೆ ಡಿಸೆಂಬರಿಗೆ ದೊಡ್ಡ ಮೀನು ಸಿಗದು. ಕಾಟ್ಲಾ, ರೋಹು ಒಂದು ಕಿಲೋ ಮುಟ್ಟಲು ವರ್ಷ ಬೇಕು. ಅದಕ್ಕೆ ಎರಡು ದಾರಿ. ಈಗಾಗಲೇ ಮೀನು ಸಾಕಿರುವ ರೈತರೊಬ್ಬರ ಹೊಂಡದಲ್ಲಿ, ಹಿಡಿದ ಮೀನನ್ನು ತೂಕಕ್ಕೆ ಕೊಳ್ಳುತ್ತೇವೆ ಎಂದು ಮಾತಾಡಿಕೊಂಡು ಒಂದು ದಿನ ಕೂರುವುದು. ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆ ನಿಮ್ಮ ತಮ್ಮನಿಗೆ ಅಂಥವರ ಪರಿಚಯ ಇದ್ದೇ ಇರುತ್ತದೆ. ಅವರು ಕೋಳಿಫಾರಂ ತ್ಯಾಜ್ಯ ಹಾಕಿ ಸಾಕುತ್ತಾರೋ, ಹಿಂಡಿ, ತೌಡು, ಗುಳಿಗೆ ಮೇವು ಹಾಕುತ್ತಾರೋ ಎಂದು ಸಂಕೋಚವಿಲ್ಲದೆ ಕೇಳಿ. ಇನ್ನೊಂದು, ಸ್ವಲ್ಪ ಬೆಳೆದ ಮೀನನ್ನೇ ಸಾಕಣೆದಾರರಿಂದ ತಂದು ನಿಮ್ಮ ಹೊಂಡಕ್ಕೆ ಬಿಡುವುದು. ಸಾಗಣೆಯಲ್ಲಿ ಒಂದಷ್ಟು ಸಾಯುತ್ತವೆ, ಖರ್ಚು ಹೆಚ್ಚು, ರೋಗ ಬರಬಹುದು. ನಾನಾದರೆ ಮೊದಲ ದಾರಿ ಹಿಡಿದು, ತಮ್ಮನ ಹೊಂಡಕ್ಕೆ ಮುಂದಿನ ಮುಂಗಾರಿನಲ್ಲಿ ಮರಿ ಬಿಡುತ್ತೇನೆ.

ಪರ್ಚ್‌ನಂತೆಯೇ ಗಾಳ ಕಚ್ಚುವ, ಅದೇ ತರಹದ ಮಾಂಸದ ಮೀನು ಬೇಕೆಂದರೆ ಅದು ತಿಲಾಪಿಯಾವೇ. ವಿಪರ್ಯಾಸ, ಆದರೆ ನಿಜ. ಸುಧಾರಿತ ತಳಿಯ ತಿಲಾಪಿಯಾ ಆರು ತಿಂಗಳಲ್ಲಿ ಅರ್ಧ ಕಿಲೋ ಬೆಳೆಯುತ್ತದೆ. ಅದನ್ನು ಸಾಕಲು ಇಲಾಖೆಯ ಅನುಮತಿ ಬೇಕು, ಹೊಂಡದ ನೀರು ಉಕ್ಕಿ ಹಳ್ಳ ಸೇರದಂತೆ ಬಂದೋಬಸ್ತು ಬೇಕು, ಬರೀ ಗಂಡು ಮರಿಗಳೇ ಆಗಿರಬೇಕು. ಇಲ್ಲದಿದ್ದರೆ ಹೊಂಡ ತುಂಬ ಅಂಗೈಯಗಲದ ಮುಳ್ಳುಮೀನು. ಹವ್ಯಾಸಕ್ಕೆ ಸಾಕುವವರಿಗೆ ಇದನ್ನು ನಾನು ಶಿಫಾರಸು ಮಾಡುವುದಿಲ್ಲ, ಅನುಮತಿ ಪಡೆದು ಸಾಕಿದವರಿಂದ ಕೊಂಡು ತಿನ್ನಿ.

ತಿನ್ನುವ ವಿಷಯದಲ್ಲಿ ಒಂಬತ್ತು ವರ್ಷದ ಹುಡುಗನಿಗೆ ಮುಖ್ಯವಾದದ್ದೊಂದಿದೆ. ರೋಹು, ಕಾಟ್ಲಾ, ಸಾಮಾನ್ಯ ಗೆಂಡೆಗಳ ಮಾಂಸದ ನಡುವೆ ಕವಲೊಡೆದ ಸಣ್ಣ ಮುಳ್ಳುಗಳಿರುತ್ತವೆ. ಪರ್ಚ್‌ನಲ್ಲಿ ಅವಿಲ್ಲ, ತಿಲಾಪಿಯಾ, ಮದ್ಮಲ್, ಸೀ ಬಾಸ್‌ಗಳಲ್ಲೂ ಇಲ್ಲ. ಅಲ್ಲಿ ಮುಳ್ಳಿಲ್ಲದೆ ತಿಂದು ರೂಢಿಯಾದ ಮಗು ಇಲ್ಲಿ ಗೆಂಡೆಯನ್ನು ಅದೇ ನಂಬಿಕೆಯಲ್ಲಿ ಬಾಯಿಗಿಟ್ಟರೆ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಗೆಂಡೆ ಹಿಡಿದ ದಿನ ಅದನ್ನು ದೊಡ್ಡವರು ಸಾರು ಮಾಡಿ ಮುದ್ದೆ ಜತೆ ತಿನ್ನಿ. ಹುಡುಗನಿಗೆ ಕೊಡಲೇಬೇಕೆಂದರೆ ಬಾಲದ ಕಡೆಯದು ಬೇಡ, ಹೊಟ್ಟೆಯ ಭಾಗ ಕೊಡಿ, ಅಲ್ಲಿ ಇರುವುದು ದೊಡ್ಡ ಪಕ್ಕೆಲುಬುಗಳು, ಬಿಡಿಸುವುದು ಸುಲಭ.

ಪರ್ಚ್‌ನ ರುಚಿಗೆ ಹತ್ತಿರದ್ದು ಅಂಗಡಿಯಲ್ಲಿ ಹುಡುಕುವುದಾದರೆ ನನ್ನ ಮೊದಲ ಆಯ್ಕೆ ಸೀ ಬಾಸ್. ನಮ್ಮ ಕರಾವಳಿಯ ಕುರುಡಿ, ಬಂಗಾಳಿಗಳ ಭೇಟ್ಕಿ. ಅಳಿವೆಗಳಲ್ಲಿ ಪಂಜರ ಕಟ್ಟಿ ಸಾಕಿದ್ದೂ ಬರುತ್ತದೆ. ಗಟ್ಟಿ ಬಿಳಿ ಮಾಂಸ, ಎಣ್ಣೆ ಸ್ವಲ್ಪ ಹೆಚ್ಚು, ದುಬಾರಿ. ಎರಡನೆಯದು ಮದ್ಮಲ್, ತಾಜಾ ಇದ್ದರೆ ಮಾತ್ರ. ಮಾಂಸ ಬಹಳ ಬೇಗ ಮೆತ್ತಗಾಗುತ್ತದೆ, ಕಿವಿರು ಎತ್ತಿ ನೋಡಿ ಕೆಂಪಗಿಲ್ಲದಿದ್ದರೆ ಬಿಟ್ಟುಬಿಡಿ. ಮೊಬೈಲಿನಲ್ಲಿ ತರಿಸಿದರೆ ಕಿವಿರು ನೋಡಲಾಗದು, ಶಿವಾಜಿನಗರದ ರಸೆಲ್ ಮಾರುಕಟ್ಟೆಗೆ ಬೆಳಗ್ಗೆ ಹೋದರೆ ಆಗುತ್ತದೆ. ಬಾಸಾ ಎಂಬ ಕ್ಯಾಟ್‌ಫಿಶ್‌ನ ತುಂಡು ಕೊಳ್ಳಬೇಡಿ. ಅದರ ಮೇಲೆ ನನಗೆ ದ್ವೇಷವಿಲ್ಲ, ಆದರೆ ಬಾಣಲೆಯಲ್ಲಿ ನೀರು ಬಿಟ್ಟುಕೊಂಡು ಬೇಯುತ್ತದೆ, ಹುರಿಯುವುದಿಲ್ಲ.

ಹಿಡಿದ ದಿನ ಸ್ಟಾಕ್‌ಹೋಮ್‌ನಲ್ಲಿ ಮಾಡಿದಂತೆ ಬಕೆಟ್ಟಿನಲ್ಲಿ ಹಾಕಿ ಸಂಜೆವರೆಗೆ ಇಡಬೇಡಿ. ಅಲ್ಲಿಯ ಹವೆಯೇ ಅರ್ಧ ಫ್ರಿಜ್. ಇಲ್ಲಿ ಹಿಡಿದ ಕೂಡಲೇ ತಲೆಗೊಂದು ಪೆಟ್ಟು ಹಾಕಿ ಕೊಂದು, ಕಿವಿರು, ಕರುಳು ತೆಗೆದು, ಮೀನಿನಷ್ಟೇ ತೂಕದ ಪುಡಿ ಐಸಿನಲ್ಲಿ ಹೂಳಿ. ಬೆನ್ನಿನ ಮುಳ್ಳುರೆಕ್ಕೆಯನ್ನು ತಲೆಯಿಂದ ಬಾಲದ ಕಡೆಗೆ ಸವರಿ ಮಡಚಿ ಹಿಡಿಯುವುದನ್ನು ಮೊಮ್ಮಗ ಪರ್ಚ್‌ನಲ್ಲೇ ಕಲಿತಿರುತ್ತಾನೆ, ತಿಲಾಪಿಯಾಕ್ಕೂ ಅದೇ ಪಾಠ. ಹುರಿಯುವಾಗ ತುಂಡನ್ನು ಬಟ್ಟೆಯಿಂದ ಒತ್ತಿ ಒಣಗಿಸಿ, ಉಪ್ಪು ಹಾಕಿ ಹತ್ತು ನಿಮಿಷ ಬಿಟ್ಟು, ಮತ್ತೊಮ್ಮೆ ಒರೆಸಿ. ಅವರು ರೈ ಎಂಬ ಧಾನ್ಯದ ಹಿಟ್ಟು ಸವರುತ್ತಾರೆ, ನೀವು ರಾಗಿ ಹಿಟ್ಟು ತೆಳ್ಳಗೆ ಸವರಿ ನೋಡಿ, ಚೆನ್ನಾಗಿ ಬರುತ್ತದೆ. ಬರೀ ಬೆಣ್ಣೆ ಸೀದುಹೋಗುತ್ತದೆ, ಸ್ವಲ್ಪ ಎಣ್ಣೆ ಬೆರೆಸಿ ಅಥವಾ ತುಪ್ಪ ಬಳಸಿ. ಚರ್ಮದ ಕಡೆ ಕೆಳಗಿಟ್ಟು ಮೂರು ನಿಮಿಷ, ತಿರುವಿ ಹಾಕಿ ಎರಡು ನಿಮಿಷ. ಮಸಾಲೆ ಆ ದಿನ ಬೇಡ, ನಿಂಬೆಹಣ್ಣು ಸಾಕು.

ಗಾಳಕ್ಕೆ ದುಬಾರಿ ಸಾಮಾನು ಬೇಕಿಲ್ಲ. ಬಿದಿರು ಕೋಲು, ದಾರ, ಬೆಂಡು, ಎಂಟು ಅಥವಾ ಹತ್ತನೇ ನಂಬರಿನ ಕೊಕ್ಕೆ. ಕೊಕ್ಕೆಯ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿಬಿಡಿ, ಹುಡುಗನ ಬೆರಳಿಗೆ ಚುಚ್ಚಿದರೂ ಸಲೀಸಾಗಿ ಬರುತ್ತದೆ. ಎರೆಗೆ ಎರೆಹುಳ, ಇಲ್ಲವೇ ಕಡಲೆಕಾಯಿ ಹಿಂಡಿ ಬೆರೆಸಿ ಗಟ್ಟಿಯಾಗಿ ಕಲಸಿದ ರಾಗಿ ಹಿಟ್ಟು. ಡಿಸೆಂಬರಿನ ಬೆಳಗ್ಗೆ ಹೊಂಡದ ನೀರು ತಣ್ಣಗಿದ್ದು ಗೆಂಡೆಗಳು ಮೇಯಲು ಏಳುವುದಿಲ್ಲ, ಆರು ಗಂಟೆಗೇ ಹುಡುಗನನ್ನು ಎಬ್ಬಿಸಿ ಕರೆದೊಯ್ಯಬೇಡಿ. ಬಿಸಿಲು ಕಾದ ಮೇಲೆ, ಹತ್ತೂವರೆಯಿಂದ ಮೂರೂವರೆ ಒಳಗೆ ಕೂತರೆ ಕಚ್ಚುತ್ತವೆ. ಹೊಂಡಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿದ್ದರೆ ಅಂಚು ಬಹಳ ಜಾರುತ್ತದೆ, ಏಣಿಯನ್ನೋ ಗಂಟು ಹಾಕಿದ ಹಗ್ಗವನ್ನೋ ನೀರಿಗೆ ಇಳಿಬಿಟ್ಟು ಗೂಟಕ್ಕೆ ಬಿಗಿದು, ಆಮೇಲೆ ಕೋಲು ಕೈಗೆ ಕೊಡಿ.